ನಾಯಕಿಯ ಕೆಲಸ ಶಿಬಿರಕ್ಕೆ ಮೂರು ವಾರ ಮೊದಲೇ ಶುರು

ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬರ ಪತ್ರ: "ನಮ್ಮ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಕ್ಕೆ ನನ್ನನ್ನು ನಾಯಕಿ ಮಾಡಿದ್ದಾರೆ. ಹಾಜರಿ ಕರೆಯುವುದು, ಬ್ಯಾನರ್ ಕಟ್ಟಿಸುವುದು ಬಿಟ್ಟರೆ ಕೆಲಸವಿಲ್ಲ. ಮನೆಗಳಲ್ಲಿ ಬಳಸಿ ಬಿಟ್ಟ ನೀರು ನೆಲಕ್ಕೆ ಇಂಗಲೆಂದು ಹೋದ ವರ್ಷ ಶಿಬಿರದಲ್ಲಿ ತೋಡಿದ ಇಂಗುಗುಂಡಿಗಳಲ್ಲಿ ಈಗ ಕೊಳಚೆ ನಿಂತಿದೆ. ಈ ಸಲ ಏನು ಮಾಡಲಿ?"

ಸಂಪಾದಕರ ಉತ್ತರ: ಹೋದ ವರ್ಷದ ಗುಂಡಿಯನ್ನು ಮತ್ತೆ ಹೋಗಿ ನೋಡಿದ್ದೀರಿ. ನಾಯಕಿಯ ಮೊದಲ ಕೆಲಸ ಅದೇ, ಅಲ್ಲಿಂದಲೇ ಮುಂದುವರಿಯಿರಿ.

ಇಂಥ ಗುಂಡಿ ಕೆಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಮಣ್ಣು ಚೆನ್ನಾಗಿದ್ದರೂ ಪಾತ್ರೆ ತೊಳೆದ ನೀರಿನ ಜಿಡ್ಡು, ಅನ್ನದಗುಳು, ಮರಳು ನೇರವಾಗಿ ಇಳಿದರೆ ಕಲ್ಲಿನ ಸಂದುಗಳು ಮುಚ್ಚಿಹೋಗುತ್ತವೆ.

ಶಿಬಿರಕ್ಕೆ ಮೂರು ವಾರ ಮೊದಲು ನಾಲ್ಕೈದು ಜನ ಊರಿಗೆ ಹೋಗಿ. ಗುಂಡಿ ಬರುವ ಜಾಗದಲ್ಲಿ ಒಂದಡಿ ಆಳ ತೋಡಿ, ನೀರು ತುಂಬಿ ಮಣ್ಣು ನೆನೆಯಲು ಬಿಡಿ. ಮತ್ತೆ ತುಂಬಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಕಡ್ಡಿ ಇಟ್ಟು ಅಳೆಯಿರಿ. ಇಳಿಯದಿದ್ದರೆ ಆ ಜಾಗ ಬಿಟ್ಟು, ನೀರನ್ನು ಬಾಳೆ, ತೆಂಗಿನ ಬುಡಕ್ಕೆ ಹರಿಸುವ ಕಾಲುವೆ ಮಾಡಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ 15 ಮೀಟರಾದರೂ ದೂರವಿರಲಿ. ಒಂದು ಮನೆಗೆ ಉದ್ದ, ಅಗಲ, ಆಳ ತಲಾ 1 ಮೀಟರ್ ಸಾಕು. ತಳಕ್ಕೆ ದಪ್ಪ ಕಲ್ಲು, ಮೇಲಕ್ಕೆ ಸಣ್ಣ ಜಲ್ಲಿ. ನೀರು ಒಳಬರುವ ಬಾಯಲ್ಲಿ ಹೂಳು ತಡೆಯಲು ಚಿಕ್ಕ ತೊಟ್ಟಿ. ಇದನ್ನು ವಾರಕ್ಕೊಮ್ಮೆ ಬಳಿದು ಹಾಕಬೇಕಾದವರು ಆ ಮನೆಯವರು. ಆಗುತ್ತದೆಯೇ ಎಂದು ನಲ್ಲಿ ಮುಂದೆ ಪಾತ್ರೆ ತೊಳೆಯುವ ಹೆಂಗಸರನ್ನೇ ಕೇಳಿ. ಪಂಚಾಯಿತಿ ಅಧ್ಯಕ್ಷರ ಒಪ್ಪಿಗೆಯೊಂದೇ ಸಾಲದು. ಆ ಹೆಂಗಸರು ಒಲ್ಲೆವೆಂದರೆ ಅಲ್ಲಿ ಪಿಕಾಸಿ ಎತ್ತಬೇಡಿ.

ಏಳು ದಿನದ ಶಿಬಿರಕ್ಕೆ 50 ಜನ ಬಂದರೆ ಹತ್ತತ್ತು ಜನರ ಐದು ತಂಡ ಮಾಡಿ. ಮೀಟರ್ ಅಗಲದ ಗುಂಡಿಯೊಳಗೆ ಒಮ್ಮೆಗೆ ಒಬ್ಬರೇ ಅಗೆಯಲು ಸಾಧ್ಯ. ತಂಡಕ್ಕೆ ಒಂದೇ ಗುಂಡಿ ಕೊಟ್ಟರೆ ಉಳಿದವರು ಸುಮ್ಮನೆ ನಿಲ್ಲುತ್ತಾರೆ, ಎರಡನೇ ದಿನಕ್ಕೇ ಉತ್ಸಾಹ ಇಳಿಯುತ್ತದೆ. ಎರಡು ಗುಂಡಿ ಕೊಡಿ. ಇಬ್ಬರು ಅಗೆಯಲಿ, ಇಬ್ಬರು ಮಣ್ಣು ಹೊರಲಿ, ಉಳಿದವರು ಕಲ್ಲು ಆರಿಸಿ ತರಲಿ, ಅರ್ಧ ಗಂಟೆಗೊಮ್ಮೆ ಕೈ ಬದಲಾಗಲಿ. ಅಡುಗೆ ದಿನಕ್ಕೊಂದು ತಂಡದ ಪಾಳಿ, ಹುಡುಗರೂ ಸೇರಿ. ಹುಡುಗಿಯರನ್ನು ಒಲೆ ಮುಂದೆಯೇ ಕೂರಿಸುವ ರೂಢಿಗೆ ದಯವಿಟ್ಟು ಒಪ್ಪಬೇಡಿ.

ಸಂಜೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಮೊದಲು 20 ನಿಮಿಷ ಎಲ್ಲರೂ ಕೂತು, ಇವತ್ತು ಆಗದೇ ಉಳಿದದ್ದು ಯಾವುದು, ಯಾಕೆ ಎಂದು ಮಾತಾಡಿ ಡೈರಿಯಲ್ಲಿ ಬರೆದಿಡಿ.

1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್ನೆಸ್ಸೆಸ್‌ನಲ್ಲಿ ಶಿಬಿರವಲ್ಲದೆ ವರ್ಷಕ್ಕೆ 120 ಗಂಟೆ ಸೇವೆ ಇದೆ: ತರಬೇತಿಗೆ 20, ಕಾಲೇಜು ಆವರಣಕ್ಕೆ ಹೆಚ್ಚೆಂದರೆ 30, ಸಮುದಾಯಕ್ಕೆ 70. ಆವರಣದ ಕಸ ಗುಡಿಸುವುದರಲ್ಲೇ ಗಂಟೆ ಮುಗಿಯುತ್ತಿದ್ದರೆ ಈ ಲೆಕ್ಕವನ್ನು ಕಾರ್ಯಕ್ರಮಾಧಿಕಾರಿಗಳ ಮುಂದಿಟ್ಟು, ಊರಿನ ಮರುಭೇಟಿಗೆ ಸಮಯ ಕೇಳಿ. ಮೊದಲ ಭೇಟಿ ಶಿಬಿರ ಮುಗಿದ ತಿಂಗಳಿಗೆ, ಎರಡನೆಯದು ಮೊದಲ ಮಳೆ ಬಿದ್ದ ವಾರ. ಎರಡಕ್ಕೂ ಮೊದಲ ವರ್ಷದ ಇಬ್ಬರನ್ನು ಕರೆದೊಯ್ಯಿರಿ. ಮುಂದಿನ ವರ್ಷ ಆ ಡೈರಿ ಅವರ ಕೈಗೆ ಹೋಗಬೇಕು.