ವಿನ್ಯಾಸಕ್ಕೆ ಪ್ರತ್ಯೇಕ ಹಣ ಕೊಡಬೇಕೇ?

ಕುವೆಂಪುನಗರದ ಹೊಸ ಮನೆಯ ಹೋಂ ಥಿಯೇಟರ್‌ಗೆ ಉಪಕರಣಗಳ ಬೆಲೆಯಲ್ಲದೆ ವಿನ್ಯಾಸಕ್ಕೂ ಮೇಲುಸ್ತುವಾರಿಗೂ ಬೇರೆ ಹಣ ಕೇಳುತ್ತಿದ್ದಾರೆ, ಕೊಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಕೊಡಿ. ವಿನ್ಯಾಸ ಪುಕ್ಕಟೆ ಎನ್ನುವವರು ಸಾಮಾನ್ಯವಾಗಿ ಆ ಹಣವನ್ನು ಸ್ಪೀಕರಿನ ಬೆಲೆಯಲ್ಲೇ ಸೇರಿಸಿರುತ್ತಾರೆ. ಆಗ ದುಬಾರಿ ಪೆಟ್ಟಿಗೆ ಮಾರುವುದೇ ಅವರಿಗೆ ಲಾಭ.

ಮಂಡ್ಯದಲ್ಲಿ ನನ್ನ ಅಕ್ಕನ ಮನೆಯ ಕೆಲಸ ನಕ್ಷೆಯಿಲ್ಲದೆ ಶುರುವಾಯಿತು. ಹಿಂಬದಿಯ ಸ್ಪೀಕರುಗಳಿಗೆ ವೈರ್ ಎಳೆಯುವ ಪೈಪನ್ನೇ ಹಾಕಿಲ್ಲವೆಂದು ಗೊತ್ತಾಗಿದ್ದು ಗಾರೆ ಮುಗಿದ ಮೇಲೆ. ಹೊಸ ಗೋಡೆಯನ್ನು ಕೊರೆಯುವಾಗ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ವಿನ್ಯಾಸಕ್ಕೆ ಒಂದೇ ಮೊತ್ತ ಗೊತ್ತುಮಾಡಿಕೊಳ್ಳಿ. ಪ್ರತಿಯಾಗಿ ವೈರಿಂಗ್ ನಕ್ಷೆ, ಸ್ಪೀಕರುಗಳ ಜಾಗ, ಉಪಕರಣಗಳ ಪಟ್ಟಿ ಕಾಗದದ ಮೇಲೆ ನಿಮ್ಮ ಕೈಗೆ ಬರಬೇಕು. ಕೆಲಸವನ್ನು ಬೇರೆಯವರಿಗೆ ಕೊಟ್ಟರೂ ಅವು ನಿಮ್ಮವೇ ಎಂದು ಬರೆಸಿಕೊಳ್ಳಿ. 7.1.4 ವ್ಯವಸ್ಥೆಯೆಂದರೆ ಸುತ್ತ ಏಳು, ಆಳದ ಸದ್ದಿಗೆ ಒಂದು ಸಬ್‌ವೂಫರ್, ಮೇಲಿನ ಸದ್ದಿಗೆ ನಾಲ್ಕು, ಒಟ್ಟು 12 ಸ್ಪೀಕರುಗಳು; ಕೊನೆಯ ನಾಲ್ಕು ಸಾಮಾನ್ಯವಾಗಿ ಚಾವಣಿಯಲ್ಲಿ. ಎಲ್ಲದರ ಜಾಗವೂ ನಕ್ಷೆಯಲ್ಲಿರಲಿ. ಮೇಲುಸ್ತುವಾರಿಗೆ ಒಟ್ಟು ವೆಚ್ಚದ ಶೇಕಡಾವಾರು ಕೇಳಿದರೆ ಒಪ್ಪಬೇಡಿ, ಖರ್ಚು ಏರಿದಷ್ಟೂ ಅವರ ಪಾಲೂ ಏರುತ್ತದೆ. ಹಂತಕ್ಕಿಷ್ಟು ಎಂದು ಕೊಡಿ. ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ.