‘ಅನ್‌ಬೇರಬಲ್’ ಅಂದರೆ ಏನು? ಎಲ್ಲಿ ಬಳಸಬೇಕು?

‘ಬೇರ್’ ಅಂದರೆ ಹೊರು, ತಾಳಿಕೋ. ಮೊದಲಿಗೆ ‘ಅನ್’, ಕೊನೆಗೆ ‘ಏಬಲ್’ ಸೇರಿ ‘ತಾಳಲಾರದ’ ಎಂಬ ಅರ್ಥ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ‘ಬಿಸ್ಲು ತಡ್ಕೊಳ್ಳಾಕ ಆಗವಲ್ದು’ ಅಂತೀವಲ್ಲ, ಅದೇ ‘ದ ಹೀಟ್ ಈಸ್ ಅನ್‌ಬೇರಬಲ್’. ಹಲ್ಲುನೋವು, ದುಃಖ, ಗದ್ದಲಕ್ಕೂ ನಡೆಯುತ್ತದೆ.

ಎಡವುವುದು ಇಲ್ಲಿ: ‘ನನಗೆ ತಾಳಲಾಗುತ್ತಿಲ್ಲ’ ಎನ್ನಲು ‘ಐ ಆ್ಯಮ್ ಅನ್‌ಬೇರಬಲ್’ ಎಂದರೆ, ನನ್ನನ್ನೇ ಯಾರೂ ಸಹಿಸಲಾರರು ಎಂದಾಗುತ್ತದೆ! ‘ಐ ಕಾಂಟ್ ಬೇರ್ ಇಟ್’ ಅನ್ನಿ. ಈ ಪದ ತಾಳ್ಮೆಯ ಮಿತಿ ಮೀರಿದ್ದನ್ನೇ ಹೇಳುವುದರಿಂದ ‘ವೆರಿ ಅನ್‌ಬೇರಬಲ್’ ಕಿವಿಗೆ ಒಗ್ಗದು. ‘ಆಲ್ಮೋಸ್ಟ್’ ಅಥವಾ ‘ಅಬ್ಸಲ್ಯೂಟ್ಲಿ’ ಹೊಂದುತ್ತದೆ. ‘ಇನ್‌ಟಾಲರಬಲ್’ ಹೆಚ್ಚುಕಡಿಮೆ ಇದೇ ಅರ್ಥದ್ದು, ಆದರೆ ತುಸು ಬರಹದ ಭಾಷೆ. ದೂರಿನ ಅರ್ಜಿಗೆ ಅದೇ ವಾಸಿ.