ಹುದ್ದೆಯ ಹೆಸರು ದೊಡ್ಡದು, ಲಾಗಿನ್ ಯಾವುದಕ್ಕೆ?

ಈ ಯುವಕನನ್ನು ಗಿರೀಶ ಎಂದು ಕರೆಯೋಣ. ಹೆಸರು, ಊರು, ಸಂಬಳದ ಅಂಕಿ, ಗುರುತು ಹಿಡಿಯಲು ಸಾಧ್ಯವಾಗುವ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವನ ಒಪ್ಪಿಗೆ ಇದೆ. ವಯಸ್ಸು 26. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದವನು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಎರಡೂವರೆ ವರ್ಷದಿಂದ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ಮಾಡುತ್ತಿದ್ದ. ಕುರ್ಚಿ ಆ ಸಂಸ್ಥೆಯದು, ಸಂಬಳ ಗುತ್ತಿಗೆ ಕಂಪನಿಯದು. ಕೈಗೆ ಬರುತ್ತಿದ್ದುದು ತಿಂಗಳಿಗೆ 22,000 ರೂಪಾಯಿ.

ವೃತ್ತಿ ಸಲಹೆಗೆಂದು ನನ್ನ ಬಳಿ ಬಂದಾಗ ಅವನ ಮುಂದೆ ಮೂರು ದಾರಿಗಳಿದ್ದವು. ಒಂದು, ಸಣ್ಣ ಕಂಪನಿಯೊಂದರಲ್ಲಿ ‘ಸೈಬರ್ ಸೆಕ್ಯುರಿಟಿ ಅನಲಿಸ್ಟ್’ ಹುದ್ದೆ. 38,000 ಸಂಬಳ, ಎರಡು ವರ್ಷದ ಬಾಂಡ್, ಮಧ್ಯದಲ್ಲಿ ಬಿಟ್ಟರೆ ಎರಡೂವರೆ ಲಕ್ಷ ಕಟ್ಟಬೇಕು. ಎರಡನೆಯದು, ಹಲವು ಗ್ರಾಹಕ ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಒಂದು ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್, ಅಂದರೆ ಈ ವಲಯದವರು ನಾಕ್ ಎನ್ನುವ ಜಾಗ. ಎಲ್1, ಅಂದರೆ ಮೊದಲ ಹಂತದ ಎಂಜಿನಿಯರ್, 27,000 ಸಂಬಳ, ಸರದಿಯಲ್ಲಿ ರಾತ್ರಿ ಪಾಳಿ. ಮೂರನೆಯದು ಅಕ್ಕನ ಗಂಡನ ಸಲಹೆ: ಇರುವ ಕೆಲಸದಲ್ಲೇ ಇದ್ದು, 1,20,000 ರೂಪಾಯಿ ಕಟ್ಟಿ, ‘ಉದ್ಯೋಗ ಖಾತರಿ’ ಎಂದು ಬರೆದ ಎಥಿಕಲ್ ಹ್ಯಾಕಿಂಗ್ ಕೋರ್ಸ್ ಸೇರುವುದು.

ಮನೆಯಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಹೆಣ್ಣಿನ ಕಡೆಯವರ ಮುಂದೆ ಸೈಬರ್ ಸೆಕ್ಯುರಿಟಿ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ, ರಾತ್ರಿ ಪಾಳಿ ಎಂದರೆ ಅವರು ಮುಖ ಸಿಂಡರಿಸುತ್ತಾರೆ ಎಂಬುದು ತಾಯಿಯ ವಾದ. ನಗುವ ವಿಷಯವಲ್ಲ, ನಮ್ಮಲ್ಲಿ ಎಷ್ಟೋ ಉದ್ಯೋಗ ನಿರ್ಧಾರಗಳು ಆಗುವುದೇ ಹೀಗೆ.

ಆಪ್ತಸಮಾಲೋಚನೆಗೆ ಬರುವ ಮೊದಲು ನಾನು ಐಟಿ ನೇಮಕಾತಿಯಲ್ಲಿ ಕೆಲಸ ಮಾಡಿದವಳು. ‘ಐದು ವರ್ಷದ ನಂತರ ಎಲ್ಲಿರಬೇಕು’ ಎಂಬ ಪ್ರಶ್ನೆಯಲ್ಲಿ ನನಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು. ಎಲ್ಲರೂ ಬಾಯಿಪಾಠ ಮಾಡಿದ ಉತ್ತರವನ್ನೇ ಕೊಡುತ್ತಾರೆ. ಇತ್ತೀಚೆಗೆ ನೀವು ಮನಸ್ಸಿಟ್ಟು ಬಿಡಿಸಿದ ಒಂದು ತೊಂದರೆ ಹೇಳಿ ಎಂದೆ. ಅವನು ಸ್ವಲ್ಪ ಯೋಚಿಸಿ, “ಅದು ದೊಡ್ಡ ವಿಷಯವೇನಲ್ಲ ಮೇಡಂ” ಎಂದು ಶುರು ಮಾಡಿದ.

ಒಂದು ಬೆಳಿಗ್ಗೆ ಕಚೇರಿಯ ಒಂದು ಮಹಡಿಯಲ್ಲಿ ಕೆಲವು ಕಂಪ್ಯೂಟರ್‌ಗಳಿಗೆ ಮಾತ್ರ ಇಂಟರ್‌ನೆಟ್ ಇಲ್ಲ. ಉಳಿದವು ಸರಿಯಾಗಿವೆ. ರೀಸ್ಟಾರ್ಟ್ ಮಾಡಿದರೆ ಸರಿಯಿದ್ದದ್ದೂ ಕೆಡುತ್ತಿದೆ. ಐಪಿ ವಿಳಾಸ ನೋಡಿದರೆ, 10ರಿಂದ ಆರಂಭವಾಗಬೇಕಾದ ಜಾಗದಲ್ಲಿ 192.168.0 ಸರಣಿ. ಯಾರೋ ಬೇರೊಬ್ಬರು ವಿಳಾಸ ಹಂಚುತ್ತಿದ್ದಾರೆ ಎಂದು ಅವನಿಗೆ ಅಲ್ಲೇ ಹೊಳೆದಿದೆ. ಗೇಟ್‌ವೇ ಆಗಿ, ಅಂದರೆ ಹೊರಜಾಲಕ್ಕೆ ಹೋಗುವ ಬಾಗಿಲಾಗಿ ಕಾಣುತ್ತಿದ್ದ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ ಮನೆಗಳಲ್ಲಿ ಬಳಸುವ ವೈಫೈ ರೌಟರ್ ಒಂದರ ಲಾಗಿನ್ ಪುಟ! ಯಾವ ಐಪಿ ಯಾವ ಸಾಧನದ್ದು ಎಂದು ಕಂಪ್ಯೂಟರ್ ಇಟ್ಟುಕೊಳ್ಳುವ ಎಆರ್‌ಪಿ ಪಟ್ಟಿಯಿಂದ ಅದರ ಮ್ಯಾಕ್ ವಿಳಾಸ, ಅಂದರೆ ಸಾಧನದ ಹಾರ್ಡ್‌ವೇರ್ ಗುರುತು ತೆಗೆದು ನೆಟ್‌ವರ್ಕ್ ತಂಡಕ್ಕೆ ಕಳುಹಿಸಿದ. ಅವರು ಕಂಪ್ಯೂಟರ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನಲ್ಲಿ ಹುಡುಕಿ ಪೋರ್ಟ್ ಸಂಖ್ಯೆ ಹೇಳಿದರು, ಇವನು ಮೇಜುಗಳ ಕೆಳಗೆ ತೂರಿ ಪೆಟ್ಟಿಗೆಯನ್ನು ಹಿಡಿದ. ಲೆಕ್ಕಪತ್ರ ವಿಭಾಗದ ಯಾರೋ ಮೊಬೈಲ್‌ಗೆ ವೈಫೈ ಬೇಕೆಂದು ಮನೆಯಿಂದ ರೌಟರ್ ತಂದು, ಕಚೇರಿಯ ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೇ ಚುಚ್ಚಿದ್ದರು. ದೂರಿನ ಟಿಕೆಟ್ ಮುಚ್ಚಿದ್ದು ನೆಟ್‌ವರ್ಕ್ ತಂಡದ ಹೆಸರಿನಲ್ಲಿ.

ಇದು ಮತ್ತೆ ಆಗದಂತೆ ಮಾಡುವುದು ಹೇಗೆ ಎಂದು ಕೇಳಿದೆ. “ಡಿಎಚ್‌ಸಿಪಿ ಸ್ನೂಪಿಂಗ್ ಎಂದು ಒಂದಿದೆ ಮೇಡಂ. ನಂಬಿದ ಪೋರ್ಟ್ ಬಿಟ್ಟು ಬೇರೆ ಕಡೆಯಿಂದ ವಿಳಾಸ ಹಂಚಲು ಬಂದರೆ ಸ್ವಿಚ್ಚೇ ತಡೆಯುತ್ತದೆ. ಆದರೆ ನಮಗೆ ಸ್ವಿಚ್ ಲಾಗಿನ್ ಕೊಡುವುದಿಲ್ಲ.”

ನನ್ನ ಮಟ್ಟಿಗೆ ಪ್ರಕರಣದ ತಿರುಳು ಆ ಮಾತಿನಲ್ಲೇ ಇತ್ತು. ನೆಟ್‌ವರ್ಕಿಂಗ್‌ಗೆ ಹೋಗಲೋ ಸೆಕ್ಯುರಿಟಿಗೆ ಹೋಗಲೋ ಎಂದು ಅವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಅವನೇ ಹೇಳಿದ ಪರಿಹಾರ ಮಾತ್ರ ಸ್ವಿಚ್‌ನಲ್ಲಿ ಕೂರುವ ರಕ್ಷಣಾ ವ್ಯವಸ್ಥೆ, ಎರಡಕ್ಕೂ ಸೇರಿದ್ದು. ಅವನಿಗೆ ಅಡ್ಡವಾಗಿದ್ದುದು ವಿಷಯದ ಆಯ್ಕೆಯಲ್ಲ, ಸಾಧನಗಳಿಗೆ ಕೈ ಹಾಕುವ ಅಧಿಕಾರ ಇಲ್ಲದಿರುವುದು. ಹೀಗಾಗಿ ಮುಂದಿನ ಕೆಲಸವನ್ನು ಅಳೆಯಲು ಒಂದೇ ಅಳತೆಗೋಲು ಕೊಟ್ಟೆ: ಸೇರಿದ ಆರು ತಿಂಗಳಲ್ಲಿ ಯಾವುದಕ್ಕೆ ಲಾಗಿನ್ ಕೊಡುತ್ತಾರೆ, ಅದರಲ್ಲಿ ಏನನ್ನು ಬದಲಾಯಿಸಲು ಬಿಡುತ್ತಾರೆ?

ಮನೆಪಾಠವನ್ನೂ ಕೊಟ್ಟೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತುಹೋಗಿದ್ದವು. ದಾಳಿಯೇ ಇರಬೇಕು ಎಂದು ಬಹಳ ಜನ ಊಹಿಸಿದರು. ಆದದ್ದು ಬೇರೆ: ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಬೆನ್ನೆಲುಬು ಜಾಲವನ್ನೇ ಕಡಿದುಹಾಕಿತು, ಜಾಲತಾಣದ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯನ್ನು ಉಳಿದ ಜಾಲಗಳಿಗೆ ಸಾರುವ ಬಿಜಿಪಿ ಪ್ರಕಟಣೆಗಳು ಹಿಂತೆಗೆಯಲ್ಪಟ್ಟವು. ಕಂಪನಿಯ ಎಂಜಿನಿಯರ್‌ಗಳೇ ಬರೆದ ವಿವರಣೆಯನ್ನು ಓದಿ, ಅರ್ಥವಾಗದ್ದನ್ನು ಗುರುತು ಹಾಕಿಕೊಂಡು ಬನ್ನಿ ಎಂದಿದ್ದೆ. ಇಂಥ ಪಾಠ ಕೊಟ್ಟಾಗ ಬಹಳ ಮಂದಿ ‘ಓದಿದೆ, ಚೆನ್ನಾಗಿದೆ’ ಎನ್ನುತ್ತಾರೆ. ಗಿರೀಶ ಪ್ರಶ್ನೆಗಳನ್ನು ಬರೆದುಕೊಂಡು ಬಂದ. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೂ ಅದರಲ್ಲಿದ್ದವು. ಅಭಿರುಚಿ ಪರೀಕ್ಷೆಯ ಮುದ್ರಿತ ನಮೂನೆಗಳಿಗಿಂತ ನನಗೆ ಇದು ಹೆಚ್ಚು ಹೇಳಿತು.

ಎರಡೂ ಕಂಪನಿಗಳಿಗೆ ಕರೆ ಮಾಡಿ, ಎಚ್‌ಆರ್‌ ಜೊತೆಗಲ್ಲ, ಮುಂದೆ ಮೇಲಧಿಕಾರಿ ಆಗಲಿರುವವರ ಜೊತೆಗೆ ಹತ್ತು ನಿಮಿಷ ಮಾತಿಗೆ ಅವಕಾಶ ಕೇಳಿ ಎಂದು ಹೇಳಿದೆ. ಕೇಳಬೇಕಾದದ್ದನ್ನು ಇಬ್ಬರೂ ಕೂತು ಬರೆದೆವು. ನನ್ನ ಮೊದಲ ತಿಂಗಳ ಒಂದು ದಿನ ಹೇಗಿರುತ್ತದೆ? ಬರೀ ನೋಡುವ ಅನುಮತಿಯೋ, ಸಂರಚನೆ ಬದಲಿಸುವ ಅನುಮತಿಯೂ ಇದೆಯೋ? ಹಿಂದಿನ ಎಲ್1 ಈಗ ಎಲ್ಲಿದ್ದಾರೆ? ರಾತ್ರಿ ಎರಡು ಗಂಟೆಗೆ ನನಗೆ ತಿಳಿಯದ್ದು ಎದುರಾದರೆ ಯಾರನ್ನು ಎಬ್ಬಿಸಬೇಕು? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಬೇಕು. ‘ಯಾರನ್ನೂ ಎಬ್ಬಿಸಬೇಡಿ’ ಎನ್ನುವ ಕಡೆ ಕಲಿಸುವವರು ಇರುವುದಿಲ್ಲ.

ಸೆಕ್ಯುರಿಟಿ ಅನಲಿಸ್ಟ್ ಹುದ್ದೆಯ ಬಣ್ಣ ಆ ಕರೆಯಲ್ಲಿ ಬಯಲಾಯಿತು. ಗ್ರಾಹಕರು ಕಳುಹಿಸುವ ಸುರಕ್ಷತಾ ಪ್ರಶ್ನಾವಳಿಗಳನ್ನು ಎಕ್ಸೆಲ್‌ನಲ್ಲಿ ತುಂಬುವುದು, ಐಎಸ್‌ಒ 27001 ಎಂಬ ಮಾಹಿತಿ ಸುರಕ್ಷತಾ ಮಾನದಂಡದ ಪರಿಶೋಧನೆಗೆ ಸ್ಕ್ರೀನ್‌ಶಾಟ್ ಒಟ್ಟುಗೂಡಿಸುವುದು, ಅಷ್ಟೇ. ಫೈರ್‌ವಾಲ್ ಇಲ್ಲ, ಸಾಧನಗಳ ಚಟುವಟಿಕೆ ದಾಖಲಾಗುವ ಲಾಗ್ ಇಲ್ಲ, ಯಾವ ಸಾಧನದ ಲಾಗಿನ್ನೂ ಇಲ್ಲ. ಅದು ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ನಿಯಮಪಾಲನೆ ಒಂದು ಪೂರ್ಣ ಪ್ರಮಾಣದ ವೃತ್ತಿ. ಬರವಣಿಗೆ ಗಟ್ಟಿಯಿರುವ, ಜನರೊಂದಿಗೆ ತಾಳ್ಮೆಯಿಂದ ವ್ಯವಹರಿಸುವವರು ಅದರಲ್ಲಿ ಬಹಳ ಮೇಲೆ ಹೋಗುತ್ತಾರೆ. ಗಿರೀಶನ ಆಸೆ ಅದಾಗಿರಲಿಲ್ಲ ಅಷ್ಟೆ. ನಾಕ್‌ನವರು ಹೇಳಿದ್ದು: ಮೊದಲ ಮೂರು ತಿಂಗಳು ನೋಡುವ ಅನುಮತಿ ಮಾತ್ರ, ನಂತರ ಎಲ್2 ಒಬ್ಬರ ಉಸ್ತುವಾರಿಯಲ್ಲಿ, ಬದಲಾವಣೆಗೆಂದೇ ಮೀಸಲಿಟ್ಟ ನಡುರಾತ್ರಿಯ ಸಮಯದಲ್ಲಿ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಯೋಜನೆಯನ್ನು ಮೊದಲೇ ಬರೆದುಕೊಟ್ಟು, ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲ) ಮತ್ತು ಪೋರ್ಟ್ ಬದಲಾವಣೆಗಳನ್ನು ಅವನೇ ಮಾಡಬಹುದು.

“ಹಾಗಾದರೆ ಸೆಕ್ಯುರಿಟಿ ಕೈತಪ್ಪಿತಲ್ಲ ಮೇಡಂ?” ಎಂದ.

ಇಲ್ಲ. ಭದ್ರತಾ ನಿಗಾ ಕೇಂದ್ರಕ್ಕೆ, ಇವರು ಸಾಕ್ ಎನ್ನುವುದಕ್ಕೆ, ಎಲ್1 ಆಗಿ ನೇರವಾಗಿ ಸೇರುವವರೂ ಇದ್ದಾರೆ. ಒಳ್ಳೆಯ ಮಾರ್ಗದರ್ಶಕರು ಸಿಕ್ಕರೆ ಅದೂ ಒಳ್ಳೆಯ ಬಾಗಿಲೇ. ಆದರೆ ಜಾಲದಲ್ಲಿ ದತ್ತಾಂಶದ ಸಹಜವಾದ ಸಂಚಾರ ಹೇಗಿರುತ್ತದೆ ಎಂದು ಅರಿಯದವರು ಎಚ್ಚರಿಕೆಗಳನ್ನು ಒಂದೊಂದಾಗಿ ‘ಸುಳ್ಳು ಎಚ್ಚರಿಕೆ’ ಎಂದು ಮುಚ್ಚುತ್ತಾ ವರ್ಷ ಕಳೆಯುವುದನ್ನೂ ನೋಡಿದ್ದೇನೆ. ಇನ್ನೊಂದು ಮಾತು. ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು, ಎಲ್ಲ ವ್ಯವಸ್ಥೆಗಳ ಗಡಿಯಾರವೂ ಒಂದೇ ಸಮಯಕ್ಕೆ ಹೊಂದಿಕೊಂಡಿರಬೇಕು. ರೌಟರ್ ಮತ್ತು ಸ್ವಿಚ್‌ಗಳ ಲಾಗ್ ಸರಿಯಾದ ಜಾಗಕ್ಕೆ ಹೋಗುತ್ತಿದೆಯೇ, ಅವುಗಳ ಗಡಿಯಾರ ಸರಿಯಿದೆಯೇ ಎಂದು ದಿನವೂ ನೋಡುವವರು ನಾಕ್‌ನಂಥ ಕಡೆ ಕೂತವರು. ಆ ಕೆಲಸವನ್ನು ಕೇಳಿ ಪಡೆಯಿರಿ ಎಂದೆ.

ಹಣದ ಲೆಕ್ಕವನ್ನು ಮುಂದೂಡಲಿಲ್ಲ. ಪಿಜಿಗೆ ಊಟ ಸೇರಿ 8,000, ಅಕ್ಕನ ಮದುವೆ ಸಾಲದ ಕಂತು 6,500, ಮನೆಗೆ 4,000. ಈಗಿನ ಸಂಬಳದಲ್ಲಿ ಉಳಿಯುವುದು 3,500, ನಾಕ್‌ನಲ್ಲಿ 8,500, ಇನ್ನೊಂದರಲ್ಲಿ 19,500. ತಿಂಗಳಿಗೆ 11,000 ರೂಪಾಯಿಯ ವ್ಯತ್ಯಾಸವನ್ನು ‘ಕಲಿಕೆಗಾಗಿ ಬಿಟ್ಟುಕೊಡಿ’ ಎಂದು ಹೇಳುವುದು ಸುಲಭ, ಹೇಳುವವರ ಮನೆಗೆ ಕಂತಿನ ಸಂದೇಶ ಬರುವುದಿಲ್ಲ. ಸಾಲ ಇನ್ನೂ ದೊಡ್ಡದಿದ್ದಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಇವನ ಕಂತು ಇನ್ನು ಹದಿನಾಲ್ಕು ತಿಂಗಳಿಗೆ ತೀರುವಂತಿತ್ತು, ಹಾಗಾಗಿ ತಾಳಬಹುದು ಎನಿಸಿತು.

ಬಾಂಡ್ ಬಗ್ಗೆ ಭಾವ “ಅದೆಲ್ಲ ಬರೀ ಕಾಗದ, ಕೋರ್ಟಿನಲ್ಲಿ ನಿಲ್ಲುವುದಿಲ್ಲ” ಎಂದಿದ್ದರಂತೆ. ಹಾಗೆ ನಂಬಿ ಸಹಿ ಹಾಕುವುದು ಅಪಾಯ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ದುಡಿಯಬಾರದು ಎಂಬ ಷರತ್ತಿಗೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ ಅಡ್ಡ ಬರುತ್ತದೆ, ನಿಜ. ಆದರೆ ಇಂತಿಷ್ಟು ಅವಧಿ ದುಡಿಯಬೇಕು, ಇಲ್ಲವಾದರೆ ಇಷ್ಟು ಪರಿಹಾರ ಕೊಡಬೇಕು ಎಂಬ ಷರತ್ತು ಬೇರೆ. ವಿಜಯಾ ಬ್ಯಾಂಕ್ ತನ್ನ ಅಧಿಕಾರಿಯಿಂದ ಪಡೆದಿದ್ದ ಮೂರು ವರ್ಷ, ಎರಡು ಲಕ್ಷ ರೂಪಾಯಿಯ ಅಂಥ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ; ಪ್ರತಿ ಸಣ್ಣ ಕಂಪನಿಯ ಬಾಂಡೂ ಹಾಗೆಯೇ ನಿಲ್ಲುತ್ತದೆ ಎಂದಲ್ಲ. ಆದರೂ ವಕೀಲರಿಗೆ ತೋರಿಸದೆ ಸಹಿ ಬೇಡ, ಮೂಲ ಅಂಕಪಟ್ಟಿಯನ್ನು ಯಾವ ಕಾರಣಕ್ಕೂ ಕಂಪನಿಯ ಕೈಗೆ ಕೊಡುವುದು ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ.

ಕೋರ್ಸಿನ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ‘ಉದ್ಯೋಗ ಖಾತರಿ’ಯ ಷರತ್ತುಗಳನ್ನು ಬರವಣಿಗೆಯಲ್ಲಿ ಕೇಳಿ ಎಂದೆ, ಆ ಕಾಗದ ಬರಲೇ ಇಲ್ಲ. ಅದರ ಬದಲು ನೆಟ್‌ವರ್ಕ್ ಸಾಧನ ತಯಾರಿಸುವ ಸಿಸ್ಕೊ ಕಂಪನಿಯ ಸಿಸಿಎನ್‌ಎ ಎಂಬ ನೆಟ್‌ವರ್ಕಿಂಗ್ ಪರೀಕ್ಷೆಗೆ ಕೂರುವಂತೆ ಸೂಚಿಸಿದೆ. ಶುಲ್ಕ 300 ಡಾಲರ್, ಮೇಲೆ ತೆರಿಗೆ. ಪ್ರಮಾಣಪತ್ರದ ಅವಧಿ ಮೂರು ವರ್ಷ. ಅದರ ಪಠ್ಯದಲ್ಲಿ ಶೇ 15ರಷ್ಟು ಭಾಗ ಭದ್ರತೆಗೇ ಮೀಸಲು, ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಕೂಡ ಇದೆ. ಅಭ್ಯಾಸಕ್ಕೆ, ಕಂಪ್ಯೂಟರ್‌ನಲ್ಲೇ ಅಣಕು ಜಾಲ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಚೇರಿಯಲ್ಲಿ ತಾನು ಕಂಡ ಆ ಘಟನೆಯನ್ನೇ ಅದರಲ್ಲಿ ಕಟ್ಟಿ, ಕೆಡಿಸಿ, ಸರಿಪಡಿಸಿ, ಪ್ರತಿ ಹೆಜ್ಜೆಯನ್ನೂ ಬರೆದಿಡಲು ಹೇಳಿದೆ. ಜೊತೆಗೊಂದು ಎಚ್ಚರಿಕೆ: ಕಲಿಕೆಯ ಹುಮ್ಮಸ್ಸಿನಲ್ಲಿ ಲಿಖಿತ ಅನುಮತಿಯಿಲ್ಲದೆ ಕಚೇರಿಯ ಜಾಲವನ್ನು ಸ್ಕ್ಯಾನ್ ಮಾಡಬೇಡಿ. ಕೆಲಸ ಹೋಗುವುದಷ್ಟೇ ಅಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳಿಗೂ ಸಿಕ್ಕಿಬೀಳಬಹುದು.

ಸ್ವವಿವರದಲ್ಲಿ ‘ಬಳಕೆದಾರರ ಸಮಸ್ಯೆಗಳನ್ನು ಪರಿಹರಿಸಿದ್ದೇನೆ’ ಎಂಬ ಸಾಲನ್ನು ತೆಗೆಸಿದೆ. ‘ಒಂದು ಮಹಡಿಯ ಸಂಪರ್ಕ ಕಡಿತಕ್ಕೆ ಅನಧಿಕೃತ ಡಿಎಚ್‌ಸಿಪಿ ಸರ್ವರ್ ಕಾರಣವೆಂದು ಪತ್ತೆ ಹಚ್ಚಿ, ಮ್ಯಾಕ್ ವಿಳಾಸದ ಜಾಡು ಹಿಡಿದು ನೆಟ್‌ವರ್ಕ್ ತಂಡದ ನೆರವಿನಿಂದ ಅದನ್ನು ಜಾಲದಿಂದ ಬೇರ್ಪಡಿಸಿದೆ’ ಎಂದು ಬರೆದ. ‘ನೆರವಿನಿಂದ’ ಎಂಬ ಪದ ಇರಲಿ ಎಂದು ಪಟ್ಟು ಹಿಡಿದವನು ಅವನೇ.

ಉಳಿದದ್ದು ತಾಯಿ. ಅವರನ್ನೂ ಒಮ್ಮೆ ಕರೆತರಲು ಹೇಳಿದೆ. ರಾತ್ರಿ ಪಾಳಿಯಿಂದ ಮಗನ ಆರೋಗ್ಯ ಕೆಡುತ್ತದೆ ಎಂಬ ಅವರ ಆತಂಕವನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇರಲಿಲ್ಲ. ನಿದ್ರೆ ಕೆಟ್ಟರೆ ದೇಹ ಕೆಡುವುದು ನಿಜವೇ. ಹಾಗಾಗಿ ಮೂವರೂ ಒಪ್ಪಿದ ಒಂದು ಗಡುವು ಇಟ್ಟುಕೊಂಡೆವು. ಹದಿನೆಂಟು ತಿಂಗಳಾದರೂ ಬದಲಾವಣೆ ಮಾಡುವ ಅನುಮತಿ ಸಿಗದಿದ್ದರೆ, ಅಥವಾ ಅದಕ್ಕೂ ಮೊದಲೇ ಹಗಲಲ್ಲಿ ನಿದ್ರೆ ಬರುವುದು ನಿಂತರೆ, ಬೇರೆ ಕೆಲಸ ಹುಡುಕುವುದು. ಹೆಣ್ಣಿನ ಕಡೆಯವರಿಗೆ ಏನು ಹೇಳುವುದು ಎಂದು ಅವರು ಕೇಳಿದರು. ಹುಡುಗಿಗೆ ಪಾಳಿಯ ವೇಳಾಪಟ್ಟಿಯನ್ನೇ ತೋರಿಸಲಿ ಎಂದೆ. ಮುಚ್ಚಿಟ್ಟು ಮದುವೆಯಾದರೆ ಮೊದಲ ತಿಂಗಳೇ ಗೊತ್ತಾಗುತ್ತದೆ.

ಗಿರೀಶ ನಾಕ್ ಸೇರಿದ. ಆ ಸಂಬಂಧ ಕೂಡಿಬರಲಿಲ್ಲ, ಪಾಳಿಯ ಕಾರಣಕ್ಕೇ ಎಂದು ತಾಯಿ ಈಗಲೂ ಹೇಳುತ್ತಾರೆ. ಮೂರು ತಿಂಗಳಿಗೆ ಎಂದಿದ್ದ ಅನುಮತಿ ಐದು ತಿಂಗಳಿಗೆ ಸಿಕ್ಕಿತು. ಸಿಸಿಎನ್‌ಎ ಎರಡನೇ ಪ್ರಯತ್ನದಲ್ಲಿ ಆಯಿತು. ಮೊದಲ ಬಾರಿ ಹೋದ ಶುಲ್ಕ ಅವನಿಗೆ ಇನ್ನೂ ಉರಿಯುತ್ತದೆ. ಈಚೆಗೆ ಕರೆ ಮಾಡಿದ್ದ. ಅದೇ ಕಂಪನಿಯ ಫೈರ್‌ವಾಲ್ ತಂಡದಲ್ಲಿ ಒಂದು ಜಾಗ ಖಾಲಿಯಿದೆ, ಹೊರಗೊಂದು ಸಾಕ್‌ನಲ್ಲಿ 45,000ಕ್ಕೆ ಕರೆಯುತ್ತಿದ್ದಾರೆ, ಆದರೆ ಇಲ್ಲಿ ಮೂರು ತಿಂಗಳ ನೋಟಿಸ್ ಅವಧಿ. ಯಾವುದು ಎಂದು ನನ್ನನ್ನು ಕೇಳಲಿಲ್ಲ. ಸಾಕ್‌ನ ತಂಡದ ಮುಖ್ಯಸ್ಥರ ಜೊತೆ ಮಾತಿಗೆ ಸಮಯ ಕೇಳಿದ್ದೇನೆ, ಪ್ರಶ್ನೆಗಳ ಪಟ್ಟಿಗೆ ಇನ್ನೇನು ಸೇರಿಸಲಿ ಎಂದ. ಮುಚ್ಚಿದ ಎಚ್ಚರಿಕೆಗಳನ್ನು ಮತ್ತೆ ಯಾರು ಪರಿಶೀಲಿಸುತ್ತಾರೆ ಎಂಬುದನ್ನು ಸೇರಿಸಿ ಎಂದೆ.